ದೂರದರ್ಶನ ವಾರ್ತೆಯೂ ವಾಕ್‌ಶುದ್ಧಿಯೂ

ಮನುಷ್ಯನ ತಿಳಿವಳಿಕೆಯಲ್ಲಿ ಅವನು ಸ್ವತಃ ಕಂಡುದು ಅತ್ಯಲ್ಪ. ಇನ್ನೊಬ್ಬರಿಂದ ಕೇಳಿದುದೇ ಬಹಳ. ತಾನು ಹುಟ್ಟಿದ ದಿನವನ್ನು ಸಹ ಅವನು ಹೆತ್ತವರ ಮಾತನ್ನು ನಂಬಿಯೇ ಬಲ್ಲನು. ಹೀಗೆ ನಂಬಿ ಬದುಕುವುದು ದೌರ್ಬಲ್ಯವಲ್ಲ. ಅದಿಲ್ಲದೆ ಲೋಕವ್ಯವಹಾರವೇ ನಡೆಯದು. ಆದರೆ ನಂಬುವವನ ಈ ಅಸಹಾಯಕತೆಯೇ ಹೇಳುವವನ ಮೇಲೆ ಹೊಣೆಯನ್ನು ಹೊರಿಸುತ್ತದೆ. ದೂರದರ್ಶನಕ್ಕಾಗಿ ವಾರ್ತೆಯನ್ನು ಸಂಗ್ರಹಿಸುವ, ಬರೆಯುವ, ನಿರ್ಮಿಸುವ ಜನರ ಮೇಲೆ ಈ ಹೊಣೆ ವಿಶೇಷವಾಗಿ ಬಿದ್ದಿದೆ. ಅವರ ಕೌಶಲವು ಹೇಗೆ ಬೆಳೆಯಬೇಕೆಂಬುದು ಮೇಲುನೋಟಕ್ಕೆ ಕಸುಬಿನ ಪ್ರಶ್ನೆ. ಆಳಕ್ಕಿಳಿದು ನೋಡಿದರೆ ಅದು ಧರ್ಮದ ಪ್ರಶ್ನೆ.

ನಮ್ಮ ಪ್ರಾಚೀನ ತಾರ್ಕಿಕರು ಅರಿವಿನ ದ್ವಾರಗಳನ್ನು ಪ್ರಮಾಣಗಳೆಂದು ಕರೆದರು. ಕಣ್ಣಾರೆ ಕಾಣುವುದು ಪ್ರತ್ಯಕ್ಷ. ಕಂಡುದರಿಂದ ಕಾಣದುದನ್ನು ತರ್ಕಿಸುವುದು ಅನುಮಾನ. ನಂಬತಕ್ಕವನ ಮಾತಿನಿಂದ ತಿಳಿಯುವುದು ಶಬ್ದ. ಮಾತನ್ನು ಪ್ರಮಾಣವೆಂದು ಒಪ್ಪುವಾಗ ನೈಯಾಯಿಕರು ಒಂದು ಕಟ್ಟುಪಾಡನ್ನು ಹಾಕಿದರು: ಹೇಳುವವನು ಆಪ್ತನಾಗಿರಬೇಕು. ಆಪ್ತನೆಂದರೆ ನಂಟನಲ್ಲ, ವಿಷಯವನ್ನು ಇದ್ದಂತೆ ಅರಿತವನು, ಅರಿತಂತೆಯೇ ಅರುಹಬೇಕೆಂಬ ಇಚ್ಛೆಯುಳ್ಳವನು. ಜಾತಿ, ಪದವಿ, ವಿದ್ಯೆ ಯಾವುದನ್ನೂ ಅವರು ಇಲ್ಲಿ ಕೇಳಲಿಲ್ಲ. ಅರಿವು ಮತ್ತು ಪ್ರಾಮಾಣಿಕತೆ, ಇವೆರಡನ್ನೇ ಕೇಳಿದರು.

ಈಗ ದೂರದರ್ಶನದ ವಾರ್ತೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಪತ್ರಿಕೆಯನ್ನು ಓದುವವನಿಗೆ ತಾನು ಇನ್ನೊಬ್ಬರ ಮಾತನ್ನು ಓದುತ್ತಿರುವೆನೆಂಬ ಎಚ್ಚರವಿರುತ್ತದೆ. ದೂರದರ್ಶನದ ಮುಂದೆ ಕುಳಿತವನಿಗೆ ಆ ಎಚ್ಚರ ಇರುವುದಿಲ್ಲ. “ನಾನೇ ನೋಡಿದೆ, ಟಿ.ವಿ.ಯಲ್ಲಿ ತೋರಿಸಿದರು” ಎಂದು ಅವನು ಮರುದಿನ ಆಣೆಯಿಟ್ಟು ಹೇಳುತ್ತಾನೆ. ವಾಸ್ತವವಾಗಿ ಕ್ಯಾಮೆರಾವನ್ನು ಎಲ್ಲಿ ನಿಲ್ಲಿಸಬೇಕೆಂದು ಒಬ್ಬನು ನಿರ್ಧರಿಸಿದ್ದಾನೆ. ಚಿತ್ರದ ಯಾವ ತುಣುಕನ್ನು ಉಳಿಸಬೇಕೆಂದು ಇನ್ನೊಬ್ಬನು. ಅದಕ್ಕೆ ಯಾವ ಮಾತು ಹೊಂದಬೇಕೆಂದು ಮೂರನೆಯವನು. ಆದುದರಿಂದ ದೂರದರ್ಶನ ವಾರ್ತೆಯೆಂಬುದು ಪ್ರತ್ಯಕ್ಷದ ವೇಷ ತೊಟ್ಟ ಶಬ್ದ. ಅದರ ಶಕ್ತಿ ಇರುವುದೂ ಇಲ್ಲಿಯೇ, ಅಪಾಯ ಇರುವುದೂ ಇಲ್ಲಿಯೇ.

ಈ ಮಾತು ಬರಿಯ ತರ್ಕವಲ್ಲವೆಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯ ಒಂದು ದುರಂತವನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆಯ ಅಂಚಿನ ಚಹದಂಗಡಿಯೂ ಅದನ್ನು ನಡೆಸುತ್ತಿದ್ದ ಕುಟುಂಬವೂ ಮಣ್ಣಿನ ಪಾಲಾದವು. ನಿಂತಿದ್ದ ವಾಹನಗಳು ಕೊಚ್ಚಿಹೋದವು. ಗಂಗಾವಳಿ ನದಿಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಉಕ್ಕೆದ್ದು ಎದುರು ದಡದ ಉಳುವರೆ ಗ್ರಾಮದ ಮನೆಗಳ ಮೇಲೆ ಅಪ್ಪಳಿಸಿತು; ಅಲ್ಲಿಯೂ ಒಂದು ಜೀವ ಹೋಯಿತು. ಒಟ್ಟು ಹನ್ನೊಂದು ಜನ ಮಣ್ಣು ನೀರುಗಳಿಗೆ ಬಲಿಯಾದರು. ಅವರಲ್ಲಿ ಮರದ ದಿಮ್ಮಿಗಳನ್ನು ಹೇರಿಕೊಂಡು ಹೊರಟಿದ್ದ ಕೇರಳದ ಲಾರಿ ಚಾಲಕನೊಬ್ಬನಿದ್ದನು. ಅವನ ಲಾರಿಯೂ ದೇಹವೂ ಗಂಗಾವಳಿಯ ತಳದಿಂದ ದೊರೆತದ್ದು ಸೆಪ್ಟೆಂಬರ್ 25ರಂದು, ಎಪ್ಪತ್ತೆರಡನೆಯ ದಿನ.

ಆ ದಿನಗಳಲ್ಲಿ ಕನ್ನಡ ಮತ್ತು ಮಲೆಯಾಳ ವಾಹಿನಿಗಳ ಕ್ಯಾಮೆರಾಗಳು ಗಂಗಾವಳಿಯ ದಂಡೆಯಲ್ಲಿ ಬೀಡುಬಿಟ್ಟಿದ್ದವು. ಲಾರಿಯು ರಸ್ತೆಯ ಮೇಲಿನ ಮಣ್ಣಿನ ರಾಶಿಯಡಿಯಲ್ಲಿಯೇ ಇದೆಯೆಂಬ ನಂಬಿಕೆ ಮೊದಲು ಬಲವಾಗಿದ್ದಿತು. ಉಪಕರಣಗಳಿಂದ ಸಂಕೇತ ದೊರೆತಿದೆಯೆಂಬ ಮಾತು ಹಬ್ಬಿತು. ಚಾಲಕನು ಇನ್ನೂ ಬದುಕಿರಬಹುದೆಂಬ ಆಸೆ ಸಾವಿರಾರು ಮನೆಗಳಲ್ಲಿ ಹುಟ್ಟಿತು. ಮಣ್ಣನ್ನು ತೆಗೆದು ನೋಡಿದಾಗ ರಸ್ತೆಯ ಮೇಲೆ ಲಾರಿ ಇರಲಿಲ್ಲ. ಇಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿದರೆಂದು ನಾವು ಹೇಳುವುದಿಲ್ಲ. ಊಹೆ ತಪ್ಪುವುದು ಸಹಜ. ಆದರೆ ಊಹೆಯು ಪರದೆಯ ಮೇಲೆ ಕಂಡ ಸಂಗತಿಯ ಉಡುಪಿನಲ್ಲಿ ಬಂದಾಗ, ದೂರದಲ್ಲಿ ಕುಳಿತ ತಾಯಿ ಅದನ್ನು ಊಹೆಯೆಂದು ಹೇಗೆ ತಿಳಿಯಬೇಕು? ಆಸೆಯನ್ನು ಕೊಟ್ಟು ಕಿತ್ತುಕೊಳ್ಳುವುದು ಸಾವಿನ ಮೇಲೆ ಇನ್ನೊಂದು ಸಾವು.

ಆದುದರಿಂದ ವರದಿಗಾರನ ಮೊದಲನೆಯ ಕೌಶಲವೆಂದರೆ ತನ್ನ ಅರಿವಿನ ಮೂಲವನ್ನು ತಾನೇ ಗುರುತಿಸಿಕೊಳ್ಳುವುದು. ಅದೇ ವರ್ಷ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಲಾರಿಯೊಂದು ನದಿಗೆ ಬಿದ್ದಿತು. ಅದರ ಚಾಲಕನನ್ನು ಬದುಕಿಸಲಾಯಿತು. ಬೆಳಗಾದ ಮೇಲೆ ಅಲ್ಲಿಗೆ ಹೋದ ವರದಿಗಾರನು ಪ್ರತ್ಯಕ್ಷವಾಗಿ ಕಂಡದ್ದೇನು? ಮುರಿದ ಕಮಾನು, ತುಂಬಿ ಹರಿಯುವ ಹೊಳೆ, ನೆರೆದ ಜನ, ಇಷ್ಟೇ. ಬಿದ್ದ ಹೊತ್ತು, ಬಿದ್ದ ರೀತಿ, ಚಾಲಕನನ್ನು ಎತ್ತಿದ ಸಾಹಸ ಇವೆಲ್ಲವೂ ಶಬ್ದ. ಸೇತುವೆ ಏಕೆ ಬಿತ್ತೆಂಬುದು ಅನುಮಾನ. ಅದೂ ಅಭಿಯಂತರರು ಮಾಡತಕ್ಕ ಅನುಮಾನ. ತನ್ನ ಕಿರುಪುಸ್ತಕದಲ್ಲಿ ಈ ಮೂರಕ್ಕೂ ಮೂರು ಪುಟಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವ ವರದಿಗಾರನು ಅರ್ಧ ದೋಷದಿಂದ ಪಾರಾದಂತೆಯೇ. ಕೇಳಿದುದನ್ನು ಹೇಳಿದವನು ಸ್ವತಃ ಕಂಡವನೋ, ಕಂಡವನಿಂದ ಕೇಳಿದವನೋ ಎಂಬ ಇನ್ನೊಂದು ಪ್ರಶ್ನೆಯನ್ನು ಅವನು ತಪ್ಪದೆ ಕೇಳಬೇಕು. ಕೊಂಕಣಿಯನ್ನಾಡುವ ಮೀನುಗಾರನ ಬಳಿ, ಹಾಲಕ್ಕಿ ಒಕ್ಕಲಿಗರ ಅಜ್ಜಿಯ ಬಳಿ ಕುಳಿತು ಅವರ ಮಾತನ್ನು ಪೂರ್ಣವಾಗಿ ಕೇಳುವ ತಾಳ್ಮೆ ಅವನಿಗೆ ಇರಬೇಕು. ದುಃಖಿತರ ಬಾಯಿಗೆ ಮೈಕು ಹಿಡಿದು “ನಿಮಗೇನನ್ನಿಸುತ್ತದೆ?” ಎಂದು ಕೇಳುವುದು ಪ್ರಶ್ನೆಯಲ್ಲ, ಅದಕ್ಕೆ ಉತ್ತರವು ಕೇಳುವವನಿಗೂ ಮೊದಲೇ ಗೊತ್ತು.

ಎರಡನೆಯದು ಬರವಣಿಗೆಯ ಕೌಶಲ. ಈ ವಿಷಯದಲ್ಲಿ ಕನ್ನಡ ನುಡಿಯೇ ನಮಗೆ ಗುರು. ಅಕ್ಷರವರಿಯದ ಹಳ್ಳಿಗನೂ ತಾನು ಕಂಡುದನ್ನು “ಗುಡ್ಡ ಬಿತ್ತು” ಎನ್ನುತ್ತಾನೆ. ಕೇಳಿದುದನ್ನು “ಗುಡ್ಡ ಬಿತ್ತಂತೆ” ಎನ್ನುತ್ತಾನೆ. ಊಹಿಸಿದುದನ್ನು “ಬಿದ್ದಿರಬಹುದು” ಎನ್ನುತ್ತಾನೆ. ಪ್ರತ್ಯಕ್ಷ, ಶಬ್ದ, ಅನುಮಾನಗಳ ವಿವೇಕ ನಮ್ಮ ಕ್ರಿಯಾಪದದ ಬಾಲದಲ್ಲಿಯೇ ಅಡಗಿದೆ. ತರ್ಕಶಾಸ್ತ್ರವನ್ನು ಓದದೆಯೇ ನಮ್ಮ ಜನ ಅದನ್ನು ದಿನವೂ ಆಚರಿಸುತ್ತಾರೆ. ದೂರದರ್ಶನದ ಡೆಸ್ಕಿನಲ್ಲಿ ಈ ‘ಅಂತೆ’ಯೂ ‘ಬಹುದು’ವೂ ಕತ್ತರಿಗೆ ಸಿಕ್ಕುತ್ತವೆ, ವಾಕ್ಯ ಚುರುಕಾಗುತ್ತದೆ, ಸತ್ಯ ಮೊಂಡಾಗುತ್ತದೆ. ‘ಅಂತೆ’ ಎಂಬುದು ಗಾಳಿಮಾತಿನ ಹಾಗೆ ಕೇಳುತ್ತದೆ ಎಂದಾದರೆ, ಅದರ ಜಾಗದಲ್ಲಿ ಹೇಳಿದವನ ಹೆಸರನ್ನು ಇಡಲಿ. “ಲಾರಿ ಮಣ್ಣಿನಡಿಯಲ್ಲಿದೆ” ಎಂಬುದರ ಬದಲು “ಲಾರಿ ಮಣ್ಣಿನಡಿಯಲ್ಲಿರಬಹುದೆಂದು ಶೋಧ ನಡೆಸುವವರು ಊಹಿಸಿದ್ದಾರೆ, ಕಂಡವರು ಯಾರೂ ಇಲ್ಲ” ಎಂದು ಬರೆಯುವುದಕ್ಕೆ ನಾಲ್ಕು ಕ್ಷಣ ಹೆಚ್ಚು ಬೇಕು. ಆ ನಾಲ್ಕು ಕ್ಷಣಗಳೇ ಸತ್ಯದ ಬೆಲೆ.

ಓದುವವನು ಪುಟವನ್ನು ಹಿಂದಕ್ಕೆ ತಿರುವಬಲ್ಲನು. ಕೇಳುವವನಿಗೆ ಆ ಅನುಕೂಲವಿಲ್ಲ. ಆದುದರಿಂದ ಕಿವಿಗಾಗಿ ಬರೆಯುವವನು ಒಂದು ವಾಕ್ಯಕ್ಕೆ ಒಂದೇ ಸಂಗತಿಯನ್ನು ಹೇರಬೇಕು; ಯಾರು ಹೇಳಿದರೆಂಬುದನ್ನು ವಾಕ್ಯದ ಮೊದಲಲ್ಲಿಯೇ ಇಡಬೇಕು. ಚಿತ್ರವು ತಾನೇ ಹೇಳುವುದನ್ನು ಮಾತು ಮತ್ತೆ ಹೇಳಬಾರದು. ಮಣ್ಣು ಜಾರುವುದು ಕಾಣುತ್ತಿರುವಾಗ “ಮಣ್ಣು ಜಾರುತ್ತಿದೆ ನೋಡಿ” ಎಂದು ಅರಚುವುದೇಕೆ? ಚಿತ್ರ ಹೇಳಲಾರದುದನ್ನು ಮಾತು ಹೇಳಲಿ: ಇದು ಯಾವ ಸ್ಥಳ, ತೆಗೆದದ್ದು ಯಾವ ದಿನ, ಚೌಕಟ್ಟಿನಾಚೆ ಏನಿದೆ ಎಂಬುದನ್ನು.

ಮೂರನೆಯದು ನಿರ್ಮಾಣದ ಕೌಶಲ. ಯಾವುದನ್ನು ಮೊದಲು, ಯಾವುದನ್ನು ಎಷ್ಟು ಹೊತ್ತು, ಯಾವುದನ್ನು ಎಷ್ಟು ಸಲ ತೋರಿಸಬೇಕು ಎಂದು ನಿರ್ಧರಿಸುವವನು ನಿರ್ಮಾಪಕನು. ಪ್ರಮಾಣವೆಂಬ ಶಬ್ದಕ್ಕೆ ಅರಿವಿನ ಸಾಧನವೆಂದೂ ಅಳತೆಯೆಂದೂ ಎರಡರ್ಥಗಳುಂಟು. ಇವೆರಡೂ ಅವನ ಕೋಣೆಯಲ್ಲಿ ಒಂದಾಗುತ್ತವೆ. ಅಳತೆ ತಪ್ಪಿದರೆ, ಒಂದೊಂದು ಚಿತ್ರವೂ ಸತ್ಯವಾಗಿದ್ದರೂ ಒಟ್ಟು ಅರಿವು ಸುಳ್ಳಾಗುತ್ತದೆ. ಗುಡ್ಡ ಕುಸಿಯುವ ಹತ್ತು ಕ್ಷಣಗಳ ತುಣುಕನ್ನು ನೂರು ಸಲ ತಿರುಗಿಸಿದರೆ ನೋಡುವವನ ಮನಸ್ಸಿನಲ್ಲಿ ನೂರು ಗುಡ್ಡಗಳು ಕುಸಿಯುತ್ತವೆ. ನಿನ್ನೆಯ ಚಿತ್ರದ ಮೇಲೆ ‘ನೇರ ಪ್ರಸಾರ’ವೆಂದು ಬರೆದರೆ ಅದು ಅಸತ್ಯವೇ ಸರಿ. ಶಿರೂರಿನ ಹೆದ್ದಾರಿಯ ಮೇಲೆ ನೆಟ್ಟ ದೃಷ್ಟಿಗೆ ನದಿಯಾಚೆಯ ಉಳುವರೆ ಎಷ್ಟು ಕಂಡಿತು? ಅಲ್ಲಿಯ ಸುದ್ದಿ ಬರಲೇ ಇಲ್ಲವೆಂದಲ್ಲ. ಬಂದ ಅಳತೆ ನಷ್ಟದ ಅಳತೆಗೆ ಹೊಂದಲಿಲ್ಲ. ಲಾರಿ ದೊರೆತ ದಿನವೂ ಆ ನಾಡಿನವರೇ ಆದ ಇನ್ನಿಬ್ಬರು ಸಿಕ್ಕಿರಲಿಲ್ಲ. ಅವರ ಮನೆಯವರ ಕಣ್ಣೀರಿಗೂ ಅಷ್ಟೇ ಉಪ್ಪಿತ್ತು. ಇನ್ನು ಗುಡ್ಡ ಏಕೆ ಬಿದ್ದಿತು, ಹೆದ್ದಾರಿಯನ್ನು ಅಗಲಿಸಲು ಅದನ್ನು ಕಡಿದ ಬಗೆ ಸರಿಯಿತ್ತೇ, 2009ರಲ್ಲಿ ಕಾರವಾರ ತಾಲೂಕಿನ ಕಡವಾಡದಲ್ಲಿ ಗುಡ್ಡ ಕುಸಿದು ಜನ ಸತ್ತಾಗ ಕಲಿತ ಪಾಠವೇನು ಎಂಬ ಪ್ರಶ್ನೆಗಳಿಗೆ ಕಣ್ಸೆಳೆಯುವ ಚಿತ್ರವಿಲ್ಲ. ಚಿತ್ರವಿಲ್ಲದ ಸತ್ಯಕ್ಕೆ ಸ್ಥಳ ಕೊಡಬಲ್ಲವನೇ ನಿಜವಾದ ನಿರ್ಮಾಪಕ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಕ್ಯಾಮೆರಾಗಳು ಹಾಗೆ ಹಗಲಿರುಳು ನಿಲ್ಲದಿದ್ದರೆ, ಒಬ್ಬ ಬಡ ಚಾಲಕನಿಗಾಗಿ ಎಪ್ಪತ್ತೆರಡು ದಿನ ಶೋಧ ನಡೆಯುತ್ತಿತ್ತೇ? ಗೋವೆಯಿಂದ ಹೂಳೆತ್ತುವ ಯಂತ್ರ ಬರುತ್ತಿತ್ತೇ? ಈ ಆಕ್ಷೇಪದಲ್ಲಿ ಬಲವುಂಟು. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಲೋಕದ ಕಣ್ಣು ತಮ್ಮ ಮೇಲಿದೆಯೆಂಬ ಅರಿವು ಅಧಿಕಾರದಲ್ಲಿರುವವರನ್ನು ಎಚ್ಚರಿಸುತ್ತದೆ. ಆ ಎಚ್ಚರದಿಂದ ಒಂದು ಮನೆಗೆ ತಮ್ಮವನ ದೇಹವಾದರೂ ಮರಳಿತು. ಆದರೆ ಇಲ್ಲಿ ಫಲ ಕೊಟ್ಟದ್ದು ಯಾವುದೆಂದು ವಿವೇಚಿಸಬೇಕು. ಕ್ಯಾಮೆರಾದ ಬಿಡದ ಗಮನ ಫಲ ಕೊಟ್ಟಿತು. ಅವಸರದ ಘೋಷಣೆ ಫಲ ಕೊಡಲಿಲ್ಲ. ಜುಲೈ 30ರಂದು ವಯನಾಡಿನಲ್ಲಿ ಇದಕ್ಕಿಂತಲೂ ಘೋರವಾದ ಭೂಕುಸಿತವಾಗಲು, ಕ್ಯಾಮೆರಾಗಳು ಸಹಜವಾಗಿಯೇ ಅತ್ತ ತಿರುಗಿದವು. ಆಮೇಲೂ ಶಿರೂರಿನತ್ತ ಮರಳಿ ಬಂದು ಕೇಳಿದವರು ಯಾರೋ ಅವರು ವಾರ್ತೆಯ ಧರ್ಮವನ್ನು ಪಾಲಿಸಿದರು.

ವೇಗವೇ ಧರ್ಮವೆಂಬ ಭ್ರಮೆ ಎಲ್ಲಿಗೆ ಒಯ್ಯುತ್ತದೆಂಬುದನ್ನು ದೇಶವು 2008ರ ನವೆಂಬರ್‌ನಲ್ಲಿ ಮುಂಬಯಿಯಲ್ಲಿ ಕಂಡಿತು. ರಕ್ಷಣಾ ಪಡೆಗಳ ಚಲನವಲನಗಳ ನೇರ ಪ್ರಸಾರವನ್ನು ಸರ್ವೋಚ್ಚ ನ್ಯಾಯಾಲಯವು 2012ರ ತನ್ನ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. 2015ರಲ್ಲಿ ಕೇಬಲ್ ದೂರದರ್ಶನದ ನಿಯಮಗಳಿಗೆ ತಿದ್ದುಪಡಿ ಬಂದು ಅಂಥ ಕಾರ್ಯಾಚರಣೆಗಳ ನೇರ ಪ್ರಸಾರಕ್ಕೆ ತಡೆ ಬಿದ್ದಿತು. ಒಳಗಿನ ಸಂಯಮ ಸೋತಾಗ ಹೊರಗಿನ ಕಾನೂನು ಬರುತ್ತದೆ. ಆದರೆ ಕಾನೂನು ಬಾಯಿಯನ್ನು ಮುಚ್ಚಿಸಬಲ್ಲುದೇ ಹೊರತು ಮಾತನ್ನು ಶುದ್ಧಗೊಳಿಸಲಾರದು.

ಬೆಂಗಳೂರಿನ ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾದ ಕಾಲದಲ್ಲಿ ವಾರ್ತೆಗೆ ಗೊತ್ತಾದ ವೇಳೆಯಿದ್ದಿತು. ವೇಳೆ ಬರುವವರೆಗೆ ವಿಚಾರಿಸಲು ಅವಕಾಶವಿದ್ದಿತು. ಇಂದು ಇಪ್ಪತ್ತನಾಲ್ಕು ಗಂಟೆಯೂ ವಾರ್ತೆಯ ವೇಳೆಯೇ. ಬರಿದಾದ ಗಂಟೆಯನ್ನು ತುಂಬಬೇಕಾದವನಿಗೆ “ಇನ್ನೂ ತಿಳಿದಿಲ್ಲ” ಎಂಬ ಮಾತು ಸೋಲಿನಂತೆ ಕಾಣುತ್ತದೆ. ವಾಸ್ತವವಾಗಿ ಅದೇ ಅತ್ಯಂತ ಕಷ್ಟದ, ಅತ್ಯಂತ ಗೌರವದ ಮಾತು. ಹಾಗೆ ಹೇಳುವ ಧೈರ್ಯವುಳ್ಳವನು “ತಿಳಿದಿದೆ” ಎಂದಾಗ ಮಾತ್ರ ಜನ ನಂಬುತ್ತಾರೆ.

ಕೊನೆಯದಾಗಿ, ನೋಡುವ ನಮ್ಮ ನಿಮ್ಮ ಪಾಲೂ ಇದರಲ್ಲಿದೆ. ಕಿರಿಚುವ ವಾಹಿನಿಯನ್ನು ನೋಡುತ್ತ ಕುಳಿತು, ಸಮಾಧಾನದಿಂದ ಹೇಳುವ ವಾಹಿನಿಯನ್ನು ದಾಟಿ ಹೋಗುವವರು ನಾವೇ. ನಮ್ಮ ಚಪಲವೇ ಅವರ ವ್ಯಾಪಾರ. ಆದುದರಿಂದ ಇಂದು ರಾತ್ರಿ ವಾರ್ತೆಯನ್ನು ನೋಡುವಾಗ ಒಂದು ಚಿಕ್ಕ ಅಭ್ಯಾಸವನ್ನು ಮಾಡಿರಿ. ಪ್ರತಿಯೊಂದು ವಾಕ್ಯಕ್ಕೂ ಕೇಳಿಕೊಳ್ಳಿರಿ: ಇದು ಅವರು ಕಂಡದ್ದೇ, ಊಹಿಸಿದ್ದೇ, ಕೇಳಿದ್ದೇ? ವಾಕ್ಯದಲ್ಲಿ ಗುರುತಿಲ್ಲದಿದ್ದರೆ ನೀವೇ ಮನಸ್ಸಿನಲ್ಲಿ ಒಂದು ‘ಅಂತೆ’ಯನ್ನು ಸೇರಿಸಿಕೊಳ್ಳಿರಿ. ನೆರೆಯವರಿಗೆ ಆ ಸುದ್ದಿಯನ್ನು ದಾಟಿಸುವಾಗಲೂ ಅದನ್ನು ಬಿಡದೆ ದಾಟಿಸಿರಿ. ಅಷ್ಟನ್ನು ಮಾಡಿದರೆ ಗಂಗಾವಳಿಯ ಎರಡೂ ದಡಗಳಿಗೆ ನಾವು ಸಲ್ಲಿಸಬೇಕಾದ ನ್ಯಾಯದಲ್ಲಿ ಒಂದು ಪಾಲನ್ನಾದರೂ ಸಲ್ಲಿಸಿದಂತಾಗುತ್ತದೆ.