ಅಪ್ಪನ ಚೇಣಿ ಪುಸ್ತಕ

ಅಣ್ಣನ ಮಗ ಎಂಬಿಎ ಮುಗಿಸಿ ಬೆಂಗಳೂರಲ್ಲಿ ಮೂರು ವರ್ಷ ದುಡಿದವನು, ಈ ಕೊಯ್ಲಿಗೆ ಚೇಣಿ ಹಿಡಿಯುತ್ತೇನೆಂದು ಚನ್ನಗಿರಿಗೆ ಬಂದಿದ್ದಾನೆ. ಅವನ ಚೀಲದಲ್ಲಿ ಮೈಕೆಲ್ ಪೋರ್ಟರ್ 1980ರಲ್ಲಿ ಹೊರತಂದ ‘ಕಾಂಪಿಟಿಟಿವ್ ಸ್ಟ್ರಾಟಜಿ’ ಇತ್ತು. ಅದನ್ನು ಜಗಲಿಯ ಮೇಲಿಟ್ಟು, “ಚಿಕ್ಕಪ್ಪ, ಅಜ್ಜನ ಚೇಣಿ ಲೆಕ್ಕದ ಪುಸ್ತಕ ಎಲ್ಲಿದೆ?” ಅಂದ. ಎರಡನ್ನೂ ಒಟ್ಟಿಗೆ ಓದುವ ಯೋಚನೆ ಅವನದು. ನನಗೆ ನಗು ಬಂತು. ಆಮೇಲೆ ನಾನೂ ಓದಲು ಕೂತೆ.

ಚೇಣಿ ಅಂದರೆ ಅಡಿಕೆ ಇನ್ನೂ ಮರದ ಮೇಲಿರುವಾಗಲೇ ತೋಟದ ಫಸಲನ್ನು ಮಾತಾಡಿಕೊಳ್ಳುವುದು. ಗೊನೆ ಇಳಿಸುವುದು, ಸುಲಿಸುವುದು, ಬೇಯಿಸುವುದು, ಚೊಗರು ಹಾಕುವುದು, ಕಣದಲ್ಲಿ ಒಣಗಿಸುವುದು ಎಲ್ಲ ಚೇಣಿದಾರನ ಪಾಲು. ಒಣಗುವ ಹೊತ್ತಿಗೆ ಮಳೆ ಹಿಡಿದರೆ ಆ ನಷ್ಟವೂ ಅವನದೇ. ಅಪ್ಪ ತೋಟದೊಳಗೆ ಒಂದು ಸುತ್ತು ಹಾಕಿ, ಕತ್ತೆತ್ತಿ ಗೊನೆ ನೋಡಿ, ಇಷ್ಟು ಕ್ವಿಂಟಲ್ ಅಂತ ಹೇಳಿಬಿಡುತ್ತಿದ್ದ.

ಪೋರ್ಟರ್ ಹೇಳುವುದು ಇಷ್ಟು: ನಿನ್ನ ಲಾಭವನ್ನು ಕಡಿಯುವವನು ಪಕ್ಕದ ಮಂಡಿಯವನೊಬ್ಬನೇ ಅಲ್ಲ. ಕೊಳ್ಳುವವನು, ಸರಕು ಕೊಡುವವನು, ಹೊಸದಾಗಿ ಕಾಲಿಡುವವನು, ಬದಲಿ ವಸ್ತು ತರುವವನು, ಇವರೆಲ್ಲರೂ ಹೌದು. ಹುಡುಗ ಒಂದೇ ಸಂಜೆಯಲ್ಲಿ ಇದನ್ನು ನಮ್ಮೂರಿಗೆ ಹೊಂದಿಸಿಬಿಟ್ಟ. ಕೊಳ್ಳುವವರು ಉತ್ತರದ ಪಾನ್ ಮಸಾಲೆ ಕಂಪನಿಗಳು. ಹೊಸಬರು ಭದ್ರಾ ನಾಲೆಯ ಕೆಳಗೆ ಭತ್ತ ಬಿಟ್ಟು ಅಡಿಕೆ ನೆಟ್ಟವರು, ಬೋರ್‌ವೆಲ್ ನಂಬಿ ಜಗಳೂರಿನ ಬಯಲಲ್ಲೂ ನೆಟ್ಟವರು. ಹೊರಗಿನಿಂದ ಬರುವ ಮಾಲು ಬೇರೆ. 2022ರಲ್ಲಿ ಭೂತಾನಿನ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಆಮದು ಬೆಲೆಯಿಂದ ವಿನಾಯಿತಿ ಕೊಟ್ಟಾಗ ಇಲ್ಲಿ ಎದ್ದ ಗಲಾಟೆ ಯಾರೂ ಮರೆತಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಆ ಕನಿಷ್ಠ ಬೆಲೆ ಕೆಜಿಗೆ 251ರಿಂದ 351 ರೂಪಾಯಿಗೆ ಏರಿತು. ನಾಲ್ಕು ದಶಕ ಹಿಂದಿನ ಅಮೆರಿಕದ ಪುಸ್ತಕ ನಮ್ಮೂರಿನ ಅಡಿಕೆ ಮಾರಾಟ ಸಹಕಾರ ಸಂಘ ತುಮ್ಕೋಸ್‌ನ ಆವರಣದಲ್ಲಿ ನಿಂತು ಬರೆದ ಹಾಗಿದೆ ಎನಿಸಿತು.

ಆದರೆ ಅಪ್ಪನ ಪುಸ್ತಕ ಅದಕ್ಕಿಂತ ಕುತೂಹಲದ್ದು. ತೋಟದ ಹೆಸರು, ಮುಂಗಡ, ತೂಕ, ಬಾಕಿ, ಎಲ್ಲ ಸಾಲಾಗಿ ಇವೆ. ಪಕ್ಕದ ಅಂಚಿನಲ್ಲಿ ಮಾತ್ರ ಪೆನ್ಸಿಲ್ಲಿನಲ್ಲಿ ಬೇರೆಯದೇ ಬರಹ: ಇವರ ಮನೇಲಿ ಮದುವೆ, ಕೇಳುವ ಮುಂಚೆ ಕೊಟ್ಟೆ. ಇನ್ನೊಂದು ಪುಟದಲ್ಲಿ: ಮುಂದಿನ ವರ್ಷವೂ ಈ ತೋಟ ಬೇಕು, ಎಳೆಯಬಾರದು. ದರವನ್ನು ಎಳೆದಾಡಬಾರದು ಅಂತ. ಇದು ಉಪಾಯವೋ ಧರ್ಮವೋ ಎಂದು ಹುಡುಗ ಕೇಳಿದ. ಅಪ್ಪನಿಗೆ ಆ ಎರಡು ಬೇರೆ ಅಂತ ಗೊತ್ತಿತ್ತೋ ಇಲ್ಲವೋ.

ವ್ಯಾಪಾರದ ಹಳೆಯ ಪುಸ್ತಕಗಳಲ್ಲಿ ಮೊದಲು ಸಾಯುವುದು ಉದಾಹರಣೆಗಳು. ಪೀಟರ್ಸ್ ಮತ್ತು ವಾಟರ್‌ಮನ್ 1982ರಲ್ಲಿ ‘ಇನ್ ಸರ್ಚ್ ಆಫ್ ಎಕ್ಸಲೆನ್ಸ್’ ಬರೆದು ಹಲವು ಕಂಪನಿಗಳನ್ನು ಹೊಗಳಿದರು. ಎರಡೇ ವರ್ಷಕ್ಕೆ ‘ಬಿಸಿನೆಸ್ ವೀಕ್’ ಪತ್ರಿಕೆ, ಅವುಗಳಲ್ಲಿ ಕೆಲವು ಮುಗ್ಗರಿಸಿವೆ ಎಂದು ಮುಖಪುಟದಲ್ಲೇ ಎತ್ತಿ ತೋರಿಸಿತು. ಪ್ರಶ್ನೆಗಳು ಹಾಗಲ್ಲ. ನಮ್ಮ ವ್ಯಾಪಾರ ಯಾವುದು ಎಂದು 1954ರಲ್ಲಿ ಪೀಟರ್ ಡ್ರಕರ್ ಕೇಳಿದ್ದು ಇನ್ನೂ ಹಸಿಯಾಗಿದೆ. ಅಮೆರಿಕದ ರೈಲು ಕಂಪನಿಗಳು ತಮ್ಮ ಕಸುಬು ರೈಲು ಓಡಿಸುವುದು ಎಂದುಕೊಂಡವು, ಜನರನ್ನು ಸಾಗಿಸುವುದು ಎಂದುಕೊಳ್ಳಲಿಲ್ಲ, ಅದಕ್ಕೇ ಸೊರಗಿದವು ಎಂದು 1960ರಲ್ಲಿ ಥಿಯೋಡರ್ ಲೆವಿಟ್ ಬರೆದಿದ್ದೂ ಅದೇ ಪ್ರಶ್ನೆಯನ್ನು ಹಿಡಿದು.

ಇವರೆಲ್ಲರಿಗಿಂತ ಹಳಬನೊಬ್ಬ ನಮ್ಮ ನಾಡಿನಲ್ಲೇ ಮತ್ತೆ ಬೆಳಕಿಗೆ ಬಂದ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದಿದ್ದ ಓಲೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷಿಗೂ ಬಂತು. ಈಗ ಚಾಣಕ್ಯನ ಹೆಸರು ಹೊತ್ತು ಬರುವ ಪುಸ್ತಕಗಳಲ್ಲಿ ಎದುರಾಳಿಯನ್ನು ಕೆಡವುವ ಪಟ್ಟುಗಳೇ ಹೆಚ್ಚು. ಆದರೆ ಕೌಟಿಲ್ಯ ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಎಂದು ಲಾಭಕ್ಕೇ ಮಿತಿ ಹಾಕಿದ್ದ. ವರ್ತಕರು ಕೂಡಿಕೊಂಡು ಮಾಲು ತಡೆದು ದರ ಕೆಡಿಸಿದರೆ ಸಾವಿರ ಪಣ ದಂಡ ಇಟ್ಟಿದ್ದ. ಪ್ರಜೆಗೆ ಕೇಡಾಗುವುದಾದರೆ ದೊಡ್ಡ ಲಾಭವನ್ನೂ ಬಿಡಬೇಕೆಂದಿದ್ದ. ಸಂತನಾಗಿದ್ದವನು ಹೇಳಿದ ಮಾತಲ್ಲ ಇದು. ಗೂಢಚಾರರನ್ನು ಎಲ್ಲೆಲ್ಲಿ ಬಿಡಬೇಕೆಂದು ಲೆಕ್ಕ ಹಾಕಿದವನೂ ಅವನೇ.

ಪ್ರಜೆಗೆ ಕೇಡಾಗುವ ಲಾಭವನ್ನು ಬಿಡಬೇಕೆಂಬ ಮಾತಿಗೆ ಬಂದಾಗ ಹುಡುಗ ಸುಮ್ಮನಾದ. ನಾನೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು 2004ರಲ್ಲಿ ಪಟ್ಟಿಗೆ ಸೇರಿಸಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಬೆರೆಸಿ ಮಾರುವಂತಿಲ್ಲವಾದ್ದರಿಂದ ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಎಂದು ಎರಡೂ ಅಂಗಡಿಯಲ್ಲಿ ಅಕ್ಕಪಕ್ಕ ತೂಗಿದವು. ಹಾಗಾದರೆ ನಮ್ಮ ವ್ಯಾಪಾರ ಯಾವುದು? ಮದುವೆಯ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಕೂರುವ ಎರಡು ಬಟ್ಟಲಡಿಕೆಯೋ, ಕಾನ್ಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹುಡುಗ ಹಲ್ಲಲ್ಲಿ ಹರಿಯುವ ಚೀಟಿಯೋ? ದೂರದಲ್ಲಿ ನಿಂತು ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ನಾನು ಓದಿದ್ದು ಅಡಿಕೆ ದುಡ್ಡಿನಲ್ಲಿ, ಈ ಜಗಲಿ ಕಟ್ಟಿಸಿದ್ದೂ ಅದರಲ್ಲೇ. ಬರೀ ಅಡಿಕೆಯದೇನು ತಪ್ಪು, ಬೆರಕೆಯದು ತಪ್ಪು ಎಂದು ಊರಲ್ಲಿ ಎಲ್ಲರ ಜೊತೆ ನಾನೂ ಹೇಳಿದ್ದೇನೆ. ಹೇಳುವಾಗ ದನಿ ಸ್ವಲ್ಪ ಜೋರಾಗುತ್ತದೆ, ಅದನ್ನು ಗಮನಿಸಿದ್ದೇನೆ. ಪೋರ್ಟರ್ ಬರೆದ ಚಿತ್ರದಲ್ಲಿ ಕೊಳ್ಳುವವನ ಬಲಕ್ಕೆ ಜಾಗವಿದೆ, ಜಗಿಯುವವನ ಬಾಯಿಗೆ ಇಲ್ಲ. ಅಪ್ಪನ ಅಂಚಿನ ಬರಹದಲ್ಲೂ ಇಲ್ಲ. ಅವನಿಗೆ ತೋಟದ ಯಜಮಾನ ಕಾಣುತ್ತಿದ್ದ, ಸುಲಿಯುವ ಹೆಂಗಸರು ಕಾಣುತ್ತಿದ್ದರು. ಲಾರಿ ದಾವಣಗೆರೆ ದಾಟಿದ ಮೇಲೆ ಏನೂ ಕಾಣುತ್ತಿರಲಿಲ್ಲ.

ಹುಡುಗ ಅಪ್ಪನ ಪುಸ್ತಕದ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ, ಅಂಚು ಬಿಟ್ಟುಹೋಗದ ಹಾಗೆ. ನಾಳೆ ನಲ್ಲೂರಿನ ಹತ್ತಿರ ಒಂದು ತೋಟ ನೋಡಬೇಕಂತೆ. “ನೀವೂ ಬನ್ನಿ ಚಿಕ್ಕಪ್ಪ, ನನಗೆ ಗೊನೆ ನೋಡಿ ತೂಕ ಹೇಳೋಕೆ ಬರಲ್ಲ” ಅಂದ. ನನಗೂ ಬರುವುದಿಲ್ಲ. ಆದರೂ ಬರುತ್ತೇನೆ ಅಂದೆ.