ಬಿಲ್ಲು ಬದಲಾದರೆ ಧರ್ಮ ಬದಲಾಗುವುದೇ?

ನಮ್ಮ ಅಕ್ಕನ ಮಗ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ದೀಪಾವಳಿಯಂದು ಫೋನಿನಲ್ಲಿ ಮಾತನಾಡುತ್ತಾ, "ಮಾವ, ನಮ್ಮ ಪಕ್ಕದ ಮನೆಯ ಹಿರಿಯರು ಮೂವತ್ತು ವರ್ಷ ಬಿಲ್ಲು ಹಿಡಿದು ಜಿಂಕೆ ಬೇಟೆಯಾಡಿದವರು. ಈಗ ಅದನ್ನು ಗೋಡೆಗೆ ತೂಗುಹಾಕಿ ಕ್ರಾಸ್‌ಬೋ ಕೊಂಡಿದ್ದಾರೆ. ಜೊತೆಗಾರರೆಲ್ಲ ಹಳಿಯುತ್ತಿದ್ದಾರೆ. ನೀವೇನು ಹೇಳುತ್ತೀರಿ?" ಎಂದು ಕೇಳಿದ. ದಿಲ್ಲಿಯ ಕಚೇರಿಯೊಂದರಲ್ಲಿ ಕಡತ ನೋಡಿಕೊಂಡಿರುವ, ಜಿಂಕೆಯನ್ನು ಮೃಗಾಲಯದಲ್ಲಿ ಮಾತ್ರ ಕಂಡಿರುವ ನಾವು, "ಕೈಲಾಗದಿದ್ದರೆ ಬೇಟೆ ಬಿಡಲಿ" ಎಂದು ತಟ್ಟನೆ ತೀರ್ಪು ಕೊಟ್ಟುಬಿಟ್ಟೆವು. ಅದು ಅವಸರದ ತೀರ್ಪೆಂದು ಆಮೇಲೆ ತೋರಿತು.

ಬೇಟೆಯೇ ಸರಿಯೇ ಎಂದು ಓದುಗರು ಕೇಳಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆಯ ಬೇಟೆ ಅಪರಾಧ. ಅಲ್ಲಿನ ಸ್ಥಿತಿ ಬೇರೆ. ಪೆನ್ಸಿಲ್ವೇನಿಯಾದಲ್ಲಿ ತೋಳಗಳು ಎಂದೋ ಅಳಿದುಹೋದವು. ಬಿಳಿಬಾಲದ ಜಿಂಕೆಗಳು ಮಿತಿಮೀರಿದರೆ ಎಳೆಯ ಸಸಿಗಳನ್ನೆಲ್ಲ ಮೇಯ್ದು ಕಾಡು ಮತ್ತೆ ಚಿಗುರದಂತೆ ಮಾಡುತ್ತವೆ. ಆದುದರಿಂದ ಸರ್ಕಾರವೇ ಪರವಾನಗಿ ಕೊಟ್ಟು, ಋತು ಗೊತ್ತುಮಾಡಿ ಬೇಟೆಗೆ ಬಿಡುತ್ತದೆ. ಬಿಲ್ಲುಬೇಟೆಯ ಋತುವಿನಲ್ಲಿ ಎಲ್ಲ ಬೇಟೆಗಾರರೂ ಕ್ರಾಸ್‌ಬೋ ಬಳಸಬಹುದೆಂದು 2009ರಲ್ಲಿ ಅಲ್ಲಿ ನಿಯಮವಾಯಿತು. ಕಾನೂನಿನ ತಕರಾರಿಲ್ಲ, ಉಳಿದದ್ದು ಮನಸ್ಸಿನ ತಕರಾರು.

ಸಾಂಪ್ರದಾಯಿಕ ಬಿಲ್ಲಿನಲ್ಲಿ ನಲವತ್ತೈದು ಐವತ್ತು ಪೌಂಡಿನ ಎಳೆತವನ್ನು ಬೇಟೆಗಾರನ ಭುಜವೇ ತಡೆದು ನಿಲ್ಲಿಸಬೇಕು. ಕೆಲವು ಕ್ಷಣಗಳಲ್ಲೇ ತೋಳು ನಡುಗತೊಡಗುತ್ತದೆ. ಕ್ರಾಸ್‌ಬೋ ಎಂದರೆ ಮರದ ದಿಂಡಿಗೆ ಅಡ್ಡಲಾಗಿ ಕೂರಿಸಿದ ಬಿಲ್ಲು. ಇದರಲ್ಲಿ ಹೆದೆ ಹಿಂದೆ ಸರಿಯುವ ದೂರ ಕಡಿಮೆ. ಆದಕಾರಣ ಎಳೆತ ನೂರೈವತ್ತು ಪೌಂಡಿಗೂ ಮೀರಬೇಕಾಗುತ್ತದೆ. ಆದರೆ ಆ ಭಾರವನ್ನು ಹೊರುವುದು ಕೊಂಡಿ, ತೋಳಲ್ಲ. ಹಗ್ಗದಿಂದಲೋ ರಾಟೆಯಿಂದಲೋ ಒಮ್ಮೆ ಹೆದೆಯೇರಿಸಿಟ್ಟರೆ, ಕೋವಿಗಿರುವಂಥ ಕುದುರೆಯನ್ನು ಬೆರಳಿನಿಂದ ಮೀಟಿದರೆ ಸಾಕು.

ಹಳಿಯುವವರ ವಾದವೂ ಹಗುರವಾದದ್ದಲ್ಲ. 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡ ಯಾಹಿ ಬುಡಕಟ್ಟಿನ ಕೊನೆಯವನಾದ ಇಶಿಯಿಂದ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ ಬಿಲ್ವಿದ್ಯೆ ಕಲಿತರು. ಆ ಪೋಪ್‌ರ ಹೆಸರನ್ನೂ ಹೊತ್ತು 1961ರಲ್ಲಿ ಸ್ಥಾಪನೆಯಾದ ಪೋಪ್ ಅಂಡ್ ಯಂಗ್ ಕ್ಲಬ್ಬು ಕ್ರಾಸ್‌ಬೋದಿಂದ ಹೊಡೆದ ಪ್ರಾಣಿಯನ್ನು ತನ್ನ ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ. ಕಷ್ಟಪಟ್ಟು ಕಲಿತ ಕೈಗೆ ಮಾತ್ರ ಕೊಲ್ಲುವ ಅಧಿಕಾರ ಬರಬೇಕು, ಬಿಲ್ಲು ಹತ್ತಿರಕ್ಕೆ ಹೋಗಲೇಬೇಕೆಂದು ಕಟ್ಟುಪಾಡು ಮಾಡುವುದರಿಂದ ಜಿಂಕೆಗೂ ಒಂದು ಅವಕಾಶ ಉಳಿಯುತ್ತದೆ ಎಂಬುದು ಇವರ ಅಭಿಪ್ರಾಯ.

ಆದರೆ ಆ ಹಿರಿಯರು ಬಿಲ್ಲನ್ನು ಏಕೆ ಬಿಟ್ಟರೆಂಬುದನ್ನು ಹುಡುಗ ನಮಗೆ ಎರಡನೆಯ ಸಲ ಫೋನು ಮಾಡಿದಾಗ ತಿಳಿಸಿದ. ಅವರ ಬಲಭುಜ ಸವೆದಿತ್ತು. ಹಿಂದಿನ ವರ್ಷ ಹೆದೆ ಪೂರ್ತಿ ಎಳೆಯುವ ಮೊದಲೇ ಕೈ ಸೋತು ಬಾಣ ಬಿಟ್ಟುಹೋಯಿತು. ಬಾಣ ಗುಂಡಿನಂತೆ ಅಪ್ಪಳಿಸಿ ಕೊಲ್ಲುವುದಿಲ್ಲ. ಕೊಯ್ದು, ರಕ್ತ ಹರಿಸಿ ಕೊಲ್ಲುತ್ತದೆ. ತಾಗಬೇಕಾದ ಕಡೆ ತಾಗದಿದ್ದರೆ ಆ ಸಾವು ದೀರ್ಘ. ಅದು ಹೊಟ್ಟೆಗೆ ತಾಗಿತ್ತು. ಕತ್ತಲಾಗುವವರೆಗೂ ರಕ್ತದ ಗುರುತು ಹಿಡಿದು ಅಲೆದರೂ ಜಿಂಕೆ ಸಿಗಲಿಲ್ಲ. ಇದನ್ನು ಕೇಳಿದ ಮೇಲೆ, ಕಷ್ಟದ ಹೆಸರಿನಲ್ಲಿ ನಾವು ಗೌರವಿಸುವುದು ಜಿಂಕೆಯನ್ನೋ ನಮ್ಮ ಅಭಿಮಾನವನ್ನೋ ಎಂಬ ಸಂಶಯ ಹುಟ್ಟಿತು. ನಮ್ಮ ಹೆಮ್ಮೆಯ ಬೆಲೆಯನ್ನು ಇನ್ನೊಂದು ಜೀವ ತೆರಬೇಕಾದರೆ ಅದು ಯಾವ ಧರ್ಮ?

ಮಹಾಭಾರತದ ಪಾಂಡುರಾಜನ ಪ್ರಸಂಗವನ್ನು ಓದುಗರು ಬಲ್ಲರು. ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿ ಸಾಯುವಾಗ, ಬೇಟೆಯಾಡಿದ್ದಕ್ಕಾಗಿ ಅರಸನನ್ನು ದೂರಲಿಲ್ಲ. ತಾನು ಸಂಗಾತಿಯೊಡನೆ ಇದ್ದ ಸಮಯದಲ್ಲಿ ಸ್ವಲ್ಪ ಹೊತ್ತು ಕಾಯಲಿಲ್ಲವೆಂಬುದೇ ಅವನ ದೂರು. ತಪ್ಪಿದ್ದುದು ಬಿಲ್ಲಿನಲ್ಲಲ್ಲ, ಕಾಯದ ಮನಸ್ಸಿನಲ್ಲಿ.

ಕ್ರಾಸ್‌ಬೋ ಬೇಟೆಗಾರನಿಗೆ ಎರಡು ವರಗಳನ್ನು ಕೊಡುತ್ತದೆ: ಹೆಚ್ಚು ದೂರ ಹೊಡೆಯುವ ಶಕ್ತಿ ಒಂದು, ತೋಳು ನಡುಗದೆ ಕಾಯುವ ಶಕ್ತಿ ಇನ್ನೊಂದು. ಯಾವುದನ್ನು ತೆಗೆದುಕೊಳ್ಳುತ್ತಾನೆ ಎಂಬುದರಲ್ಲಿ ಎಲ್ಲವೂ ಇದೆ. ಆ ಹಿರಿಯರು ಹಳೆಯ ಬಿಲ್ಲಿನ ಇಪ್ಪತ್ತು ಗಜದ ಮಿತಿಯನ್ನೇ ಹೊಸದಕ್ಕೂ ಇಟ್ಟುಕೊಂಡಿದ್ದಾರಂತೆ. ಮೊದಲು ಆ ಮಿತಿಯನ್ನು ತೋಳು ಕಾಯುತ್ತಿತ್ತು. ಈಗ ಮನಸ್ಸು ಕಾಯಬೇಕು. ಕಾಡಿನಲ್ಲಿ ಅದನ್ನು ನೋಡುವವರು ಯಾರೂ ಇಲ್ಲ.

ಇದು ಬೇಟೆಗಾರರ ಮಾತು ಮಾತ್ರವಲ್ಲ. ನಾವು ಕೆಲಸಕ್ಕೆ ಸೇರಿದಾಗ ಒಂದು ಅರ್ಜಿಯನ್ನು ಹಿಂದಿರುಗಿಸಬೇಕಾದರೆ ಕಾರಣ ಸಹಿತ ಅರ್ಧ ಪುಟ ಟಿಪ್ಪಣಿ ಬರೆಯಬೇಕಿತ್ತು. ಬರೆಯುವಾಗ ಕೈ ನೋಯುತ್ತಿತ್ತು; ಎಷ್ಟೋ ಸಲ ಮಧ್ಯದಲ್ಲಿ ಮನಸ್ಸು ಬದಲಾಗುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರಾಯಿತು. ಹೋದ ವರ್ಷ ಒಬ್ಬ ವಿಧವೆಯ ಕುಟುಂಬ ಪಿಂಚಣಿಯ ಅರ್ಜಿಯನ್ನು, ದಿನಾಂಕವೊಂದು ಬಿಟ್ಟುಹೋಗಿದೆಯೆಂದು, ಊಟದ ವಿರಾಮಕ್ಕೆ ಏಳುವ ಮೊದಲು ನಾವೇ ಹಿಂದಿರುಗಿಸಿದೆವು. ಆ ದಿನಾಂಕ ಲಗತ್ತಿಸಿದ್ದ ಇನ್ನೊಂದು ಹಾಳೆಯಲ್ಲಿತ್ತು. ಆಕೆಗೆ ಹಣ ಮೂರು ತಿಂಗಳು ತಡವಾಯಿತು.

ಅಕ್ಕನ ಮಗನಿಗೆ ನಮ್ಮ ತೀರ್ಪನ್ನು ಹಿಂತೆಗೆದುಕೊಂಡೆವೆಂದು ತಿಳಿಸಿದ್ದೇವೆ. ಆ ಹಿರಿಯರಿಗೆ ನಮ್ಮ ನಮಸ್ಕಾರ ಹೇಳೆಂದೂ ಹೇಳಿದ್ದೇವೆ.