ಅತಿಥಿ ಯಾರ ಮನೆಗೆ?

ಚಳಿಗಾಲ ಬಂತಂದ್ರ ನನಗ ಸಪ್ತಾಪುರದ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಒಂದು ಭಾನುವಾರ ಕೆಲಗೇರಿ ಕೆರೆ, ಇನ್ನೊಂದು ಭಾನುವಾರ ಮಾಗಡಿ. ಇದು ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನದು. ಪಟ್ಟೆತಲೆ ಹೆಬ್ಬಾತುಗಳು ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬಂದು ಚಳಿಗಾಲ ಕಳೆಯುವ ಕೆರೆ ಇಲ್ಲಿದೆ. 2024ರಲ್ಲಿ ಕುಮಟಾದ ಅಘನಾಶಿನಿ ಅಳಿವೆಯ ಜೊತೆ ಈ ಕೆರೆಯೂ ರಾಮ್ಸಾರ್ ಪಟ್ಟಿ ಸೇರಿದಾಗ ನಮ್ಮ ಮನೆಯಲ್ಲಿ ಶಿರಾ ಮಾಡಿಸಿದ್ದೆ.

ಸಪ್ತಾಪುರ ಅಂದರೆ ಕೋಚಿಂಗ್ ಕ್ಲಾಸು, ಬಾಡಿಗೆ ರೂಮು. ನಮ್ಮ ಮಹಡಿಯ ಮೇಲೂ ಪರೀಕ್ಷೆಗೆ ಓದುವ ಹುಡುಗನೊಬ್ಬ ಇದ್ದಾನೆ, ಮಾಗಡಿ ಕಡೆಯವನೇ. ಒಂದಿನ ಮೊಬೈಲ್ ತೋರಿಸಿ, "ನೋಡಪಾ, ನಮ್ಮ ಅತಿಥಿಗಳು ಬಂದಾರ" ಅಂದೆ.

"ಫೋಟೊ ಛಲೋ ಬಂದೈತ್ರಿ. ಆದ್ರ ಅವು ಉಣ್ಣೂದು ನಮ್ಮ ಹೊಲದಾಗ" ಅಂದ.

ನಾನು ಸುಮ್ಮನಾದೆ. ಹೆಬ್ಬಾತುಗಳು ಹಗಲೆಲ್ಲ ಕೆರೆಯಲ್ಲಿ ಆರಾಮಾಗಿರುತ್ತವೆ, ಹೊತ್ತು ಮುಳುಗಿದ ಮೇಲೆ ಹೊಲಕ್ಕಿಳಿದು ಮೇಯುತ್ತವೆ. ಅದು ನನಗೂ ಗೊತ್ತಿತ್ತು. ಆದರೆ ಅಷ್ಟೊತ್ತಿಗೆ ನಾನು ಧಾರವಾಡದ ಬಸ್ಸಿನಲ್ಲಿ ಇರುತ್ತಿದ್ದೆ. ಅತಿಥಿ ಅಂತ ಕರೆದವನು ನಾನು, ಉಣ್ಣಿಸಿದವನು ಅವರಪ್ಪ.

"ಓಡಸ್ತೀರೇನು?" ಅಂತ ಕೇಳಿದೆ.

"ಡಬ್ಬಿ ಬಡೀತಾನ್ರಿ ನಮ್ಮಪ್ಪ. ಕಲ್ಲು ಒಗಿಯಂಗಿಲ್ಲ. ಅಷ್ಟು ದೂರದಿಂದ ಬಂದಾವು ಅಂತಾನ."

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ರಾಮ್ಸಾರ್ ಫಲಕ ಇದೆ. ಆದರೆ ರಾತ್ರಿ ಹೊಲದಲ್ಲಿ ಹಕ್ಕಿ ಕಾಯುವುದು ಕಲ್ಲು ಎತ್ತದ ಆ ಕೈ. ಹಕ್ಕಿ ಹಿಕ್ಕೆ ಹೊಲಕ್ಕೆ ಗೊಬ್ಬರ ಆಗುತ್ತದೆ ಅಂತ ನಾವು ಹೇಳಿಕೊಂಡು ಸಮಾಧಾನ ಪಡಬಹುದು. ಆ ಸಮಾಧಾನ ಹೇಳುವ ಹಕ್ಕು ಬೆಳೆ ಕಳಕೊಂಡವನಿಗೆ ಇದೆ, ನನಗಿಲ್ಲ.

ಹಾಗಂತ ಹಕ್ಕಿ ನೋಡುವುದೇ ತಪ್ಪೇ? ನನಗೆ ಹಾಗೆ ಅನ್ನಿಸುವುದಿಲ್ಲ. ನೋಡದಿದ್ದರೆ ಆ ಕೆರೆಯ ಚಿಂತೆ ನನಗೆ ಹತ್ತುತ್ತಲೇ ಇರಲಿಲ್ಲ. ತಪ್ಪು ಇರುವುದು ಪ್ರೀತಿ ನನ್ನದು, ಖರ್ಚು ಮತ್ತೊಬ್ಬರದು ಅನ್ನುವ ಲೆಕ್ಕದಲ್ಲಿ. ಬೆಳೆಹಾನಿಗೆ ಸರಕಾರ ಪರಿಹಾರ ಕೊಟ್ಟರೆ ಅದರಲ್ಲಿ ನನ್ನ ತೆರಿಗೆಯೂ ಸೇರಿರಲಿ, ಅದಕ್ಕೆ ಗೊಣಗಬಾರದು. ಪರಿಹಾರ ಸಿಗದಿದ್ದರೆ ಕೇಳುವ ದನಿಗಳಲ್ಲಿ ನನ್ನದೂ ಒಂದಿರಬೇಕು.

ನನ್ನ ಮಹಡಿಗೆ ಬಂದ ಹುಡುಗ ತಿಂಗಳ ಐದಕ್ಕೆ ತಪ್ಪದೆ ಬಾಡಿಗೆ ಕೊಡುತ್ತಾನೆ. ಅವರ ಹೊಲಕ್ಕೆ ಬಂದವರಿಗೆ ಬಾಡಿಗೆ ಇಲ್ಲ. ಇಬ್ಬರಲ್ಲಿ ಆತಿಥ್ಯ ಮಾಡುತ್ತಿರುವವರು ಯಾರು ಅಂತ ನಾನು ಬಾಯಿಬಿಟ್ಟು ಹೇಳಬೇಕಿಲ್ಲ.

ಈ ಸಲ ಮಾಗಡಿಗೆ ಹೋದರೆ ಸಂಜೆ ಬಸ್ಸು ಹಿಡಿಯುವುದಿಲ್ಲ. ಹೊಲದ ಬದುವಿನ ಮೇಲೆ ಕೂಡುತ್ತೇನೆ.